ಮೂಲ ಯಾರದು, ಗೇಣಿ ಯಾರದು: ಫ್ರಾಂಕ್‌ಫರ್ಟ್ ದಿನಚರಿಯ ಕೆಲವು ಪುಟಗಳು

27 ನವೆಂಬರ್ 2018, ಮಂಗಳವಾರ

ಇವತ್ತು ಕಾರ್ಲ್ಸ್‌ರೂದ ಜರ್ಮನ್ ಸಂವಿಧಾನ ನ್ಯಾಯಾಲಯದಲ್ಲಿ ಯುರೋಪಿನ ಬ್ಯಾಂಕಿಂಗ್ ಒಕ್ಕೂಟದ ವಿಚಾರಣೆ. ನಮ್ಮ ಬ್ಯಾಂಕಿನ ಆಫೀಸಿನಲ್ಲಿ ಒಬ್ಬರಿಗೂ ಅದರ ಗೊಡವೆಯಿಲ್ಲ. 2014ರ ನವೆಂಬರ್ 4ರಿಂದ ದೊಡ್ಡ ಬ್ಯಾಂಕುಗಳ ಮೇಲ್ವಿಚಾರಣೆ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನದು (ಇಸಿಬಿ). ಅವರ ತಂಡ ಬರುತ್ತದೆ, ಕಡತ ಕೇಳುತ್ತದೆ, ಹೋದ ಮೇಲೆ ಪ್ರಶ್ನೆಗಳ ಪಟ್ಟಿ ಕಳಿಸುತ್ತದೆ. ನಾವು ಉತ್ತರ ಬರೆಯುತ್ತೇವೆ. ಹಾಗೆ ಕೇಳುವ ಅಧಿಕಾರ ಅವರಿಗೆ ನಿಜವಾಗಿ ಇದೆಯೇ ಎಂದು ಎಂಟು ಮಂದಿ ನ್ಯಾಯಮೂರ್ತಿಗಳು ಈಗ ಕೂತು ಕೇಳುತ್ತಿದ್ದಾರೆ ಅಂದರೆ ಪಕ್ಕದ ಮೇಜಿನವನು ನಕ್ಕುಬಿಟ್ಟ. ಇಲ್ಲ ಅಂತ ತೀರ್ಪು ಬಂದರೆ ಇಷ್ಟು ವರ್ಷದ ಎಕ್ಸೆಲ್ ಶೀಟುಗಳನ್ನು ವಾಪಸ್ ಕೇಳೋಣವೇ ಅಂದ.

ದಾವೆ ಹೂಡಿದವರು ಬ್ಯಾಂಕಿನವರಲ್ಲ, ಪ್ರಜೆಗಳು. ಮುಂದಾಳು ಬರ್ಲಿನ್ನಿನ ಪ್ರಾಧ್ಯಾಪಕ ಮಾರ್ಕುಸ್ ಕೆರ್ಬರ್. ಅವರು ಹಿಡಿದ ದಾರಿ ನನಗೆ ಈ ದಾವೆಯ ಎಲ್ಲಕ್ಕಿಂತ ಸ್ವಾರಸ್ಯದ ಭಾಗ. ಜರ್ಮನ್ ಸಂವಿಧಾನದ 38ನೇ ವಿಧಿ ಸಂಸತ್ತಿಗೆ ಮತ ಹಾಕುವ ಹಕ್ಕನ್ನು ಕೊಡುತ್ತದೆ. ಸಂಸತ್ತಿನ ಕೈಯಲ್ಲಿ ಇರಬೇಕಾದ ಅಧಿಕಾರ ಯುರೋಪಿಯನ್ ಒಕ್ಕೂಟದ ಒಪ್ಪಂದಗಳಲ್ಲಿ ಬರೆದದ್ದಕ್ಕಿಂತ ಹೆಚ್ಚಾಗಿ ಬ್ರಸೆಲ್ಸಿಗೋ ಫ್ರಾಂಕ್‌ಫರ್ಟಿಗೋ ಜಾರಿಹೋದರೆ ನನ್ನ ಮತ ಟೊಳ್ಳಾಯಿತು, ಆದ್ದರಿಂದ ನನ್ನ ಮೂಲಭೂತ ಹಕ್ಕಿಗೆ ಧಕ್ಕೆಯಾಯಿತು: ಇದು ವಾದ. 1993ರ ಅಕ್ಟೋಬರ್ 12ರ ಮಾಸ್ಟ್ರಿಕ್ಟ್ ತೀರ್ಪಿನಲ್ಲಿ ಕಾರ್ಲ್ಸ್‌ರೂ ಈ ಬಾಗಿಲು ತೆರೆದಿಟ್ಟಿತು. 2009ರ ಲಿಸ್ಬನ್ ತೀರ್ಪಿನಲ್ಲಿ ಅದನ್ನು ಇನ್ನೂ ಅಗಲ ಮಾಡಿತು. ಅಂದಿನಿಂದ ಯುರೋಪಿನ ಪ್ರತಿಯೊಂದು ದೊಡ್ಡ ಹಣಕಾಸು ತೀರ್ಮಾನವೂ ಈ ಬಾಗಿಲಿನ ಮೂಲಕವೇ ಹಾದು ಹೋಗಬೇಕಾಗಿದೆ.

ನನಗೆ ಇಲ್ಲಿ ಮತವಿಲ್ಲ. ಪಾಸ್‌ಪೋರ್ಟ್ ಇನ್ನೂ ನೀಲಿಯದೇ. ತೆರಿಗೆ ಕಟ್ಟುತ್ತೇನೆ, ದಾವೆಗೆ ಕಾರಣವಾದ ಆ ವರದಿಗಳನ್ನೇ ತುಂಬುತ್ತೇನೆ, ಆದರೆ ನನ್ನದೇನೋ ಟೊಳ್ಳಾಯಿತೆಂದು ಹೇಳಿಕೊಂಡು ಆ ಮೆಟ್ಟಿಲು ಹತ್ತುವ ಹಾಗಿಲ್ಲ. ಅಸೂಯೆಯಲ್ಲ. ಅಲ್ಲ, ಸ್ವಲ್ಪ ಅಸೂಯೆಯೇ.

2 ಡಿಸೆಂಬರ್ 2018, ಆದಿತ್ಯವಾರ

ಉಡುಪಿಯಿಂದ ಅಪ್ಪನ ಫೋನ್. ವಾರದ ಫೋನಿನಲ್ಲಿ ಮೊದಲು ಅಮ್ಮನ ಮಂಡಿ, ಆಮೇಲೆ ಮಳೆ, ಆಮೇಲೆ ಬ್ಯಾಂಕು. ನಿವೃತ್ತರಾಗಿ ಎಷ್ಟು ಕಾಲವಾದರೂ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ.

"ಅಲ್ಲ ಮಾರಾಯ್ತಿ, ದೇಶ ಬೇರೆ ಬೇರೆ ಇರುವಾಗ ಇನ್‌ಸ್ಪೆಕ್ಷನ್ ಒಂದೇ ಕಡೆಯಿಂದ ಎಂತಕ್ಕೆ?"

ಐರ್ಲೆಂಡಿನ ಕಥೆ ಹೇಳಿದೆ. 2008ರ ಸೆಪ್ಟೆಂಬರ್ ಕೊನೆಗೆ ಆ ಸರ್ಕಾರ ತನ್ನ ದೊಡ್ಡ ಬ್ಯಾಂಕುಗಳ ಸಾಲಕ್ಕೆಲ್ಲ ತಾನೇ ಹೊಣೆ ಎಂದು ಸಾರಿತು. ಬ್ಯಾಂಕುಗಳ ಗುಂಡಿಯ ಆಳ ಗೊತ್ತಾಗುವಷ್ಟರಲ್ಲಿ ಸರ್ಕಾರವೇ ಅದರೊಳಗಿತ್ತು. 2010ರ ನವೆಂಬರಿನಲ್ಲಿ 8,500 ಕೋಟಿ ಯುರೋ ನೆರವಿನ ಪ್ಯಾಕೇಜಿಗೆ ಸಹಿ ಹಾಕಬೇಕಾಯಿತು. ಸ್ಪೇನಿನಲ್ಲೂ ಅದೇ ಆಗುತ್ತದೆ ಎಂಬ ಹೆದರಿಕೆಯಲ್ಲಿ 2012ರ ಜೂನ್ 29ರ ಬೆಳಗಿನ ಜಾವ ಯುರೋ ದೇಶಗಳ ನಾಯಕರು ಬ್ಯಾಂಕಿನ ಕಷ್ಟಕ್ಕೂ ಸರ್ಕಾರದ ಕಷ್ಟಕ್ಕೂ ಇರುವ ಈ ಗಂಟನ್ನು ಬಿಡಿಸುತ್ತೇವೆ ಎಂದು ಹೇಳಿಕೆ ಕೊಟ್ಟರು. ಅದರಿಂದ ಹುಟ್ಟಿದ್ದು ಈ ಒಕ್ಕೂಟ. ಮೇಲ್ವಿಚಾರಣೆ ಫ್ರಾಂಕ್‌ಫರ್ಟಿನಲ್ಲಿ. ಮುಳುಗುವ ಬ್ಯಾಂಕನ್ನು ಮುಚ್ಚುವ ಅಥವಾ ಮಾರುವ ಮಂಡಳಿ ಬ್ರಸೆಲ್ಸಿನಲ್ಲಿ, ಅದಕ್ಕೊಂದು ನಿಧಿ. ಮೂರನೆಯದು, ಎಲ್ಲ ದೇಶಗಳ ಠೇವಣಿಗೆ ಒಂದೇ ವಿಮೆ, 2015ರಲ್ಲಿ ಪ್ರಸ್ತಾವವಾಗಿ ಬಂದದ್ದು ಹಾಗೆಯೇ ಬಿದ್ದಿದೆ. ಅದಕ್ಕೆ ಬಲವಾಗಿ ಅಡ್ಡ ನಿಂತದ್ದು ಜರ್ಮನಿಯೇ. ಇಲ್ಲಿನ ಸ್ಪಾರ್ಕಾಸೆ ಎಂಬ ಉಳಿತಾಯ ಬ್ಯಾಂಕುಗಳಿಗೂ ಸಹಕಾರಿ ಬ್ಯಾಂಕುಗಳಿಗೂ ತಮ್ಮದೇ ರಕ್ಷಣಾ ವ್ಯವಸ್ಥೆಯಿದೆ. ಇಟಲಿಯ ಠೇವಣಿದಾರನಿಗೆ ಅದರಿಂದ ತೆತ್ತುಕೊಡಲು ಅವು ತಯಾರಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೋರ್ಟು ಬ್ಯಾಂಕಿನ ವಿಷಯಕ್ಕೆ ಕೈ ಹಾಕಿದರೆ ಎಂತ ಆಗ್ತದೆ ಅಂತ ನಮಗೆ ಗೊತ್ತುಂಟು" ಅಂದರು. 1969ರ ಜುಲೈ 19ರ ರಾತ್ರಿ ರೇಡಿಯೋದಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣದ ಸುದ್ದಿ ಬಂದಾಗ ಅಪ್ಪ ಮಣಿಪಾಲದ ಸಿಂಡಿಕೇಟ್ ಬ್ಯಾಂಕಿನಲ್ಲಿ ಹೊಸ ಗುಮಾಸ್ತ. 1970ರ ಫೆಬ್ರವರಿ 10ರಂದು ಆರ್.ಸಿ. ಕೂಪರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ಹೊಡೆದುಹಾಕಿತು. 14ಕ್ಕೆ ಹೊಸ ಸುಗ್ರೀವಾಜ್ಞೆ. "ಆ ನಾಲ್ಕು ದಿವಸ ನಾವು ಯಾರ ನೌಕರರು ಅಂತ ಮ್ಯಾನೇಜರಿಗೂ ಗೊತ್ತಿರಲಿಲ್ಲ. ಆದರೆ ಕೌಂಟರ್ ತೆರೆದೇ ಇತ್ತು. ಪಿಗ್ಮಿ ಏಜೆಂಟ್ ಬಂದು ದುಡ್ಡು ಕಟ್ಟಿ ಹೋದ."

12 ಡಿಸೆಂಬರ್ 2018, ಬುಧವಾರ

ನಿನ್ನೆ ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯದ ತೀರ್ಪು. ಸೆಂಟ್ರಲ್ ಬ್ಯಾಂಕು ಸರ್ಕಾರಿ ಸಾಲಪತ್ರ ಕೊಳ್ಳುವ ಯೋಜನೆ ಸರಿಯೇ ಎಂದು ಕಾರ್ಲ್ಸ್‌ರೂ ಕೇಳಿತ್ತು. ಸರಿಯೇ ಎಂದು ಉತ್ತರ ಬಂತು. ಉತ್ತರ ತೆಳ್ಳಗಿದೆ ಎನ್ನುತ್ತಾರೆ ಓದಿದವರು. ಇದು ಬೇರೆ ಕಡತ. ಆದರೆ ಅರ್ಜಿಯ ದಾರಿ ಅದೇ, ಪೀಠವೂ ಅದೇ. ಕಣ್ಣಿಡಬೇಕು.

9 ಮೇ 2019, ಗುರುವಾರ

ಎಲ್-ಬ್ಯಾಂಕ್ ನಿನ್ನೆ ಲಕ್ಸೆಂಬರ್ಗಿನಲ್ಲಿ ಸೋತಿತು.

ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ಸ್ವಂತ ಅಭಿವೃದ್ಧಿ ಬ್ಯಾಂಕು ಅದು. ಮನೆ ಕಟ್ಟುವವರಿಗೆ, ಸಣ್ಣ ಉದ್ದಿಮೆಗೆ ಸಾಲ ಕೊಡುತ್ತದೆ, ಅದರ ಸಾಲಕ್ಕೆ ರಾಜ್ಯವೇ ಹೊಣೆ. ಜೂಜಾಡುವ ಬ್ಯಾಂಕಲ್ಲ. ಆದರೆ ಇಸಿಬಿ ಮೇಲ್ವಿಚಾರಣೆಯ ನಿಯಮಾವಳಿ ಗೆರೆ ಎಳೆದದ್ದು ಗಾತ್ರದ ಮೇಲೆ: ಆಸ್ತಿ 3,000 ಕೋಟಿ ಯುರೋ ದಾಟಿದರೆ 'ಮಹತ್ವದ' ಬ್ಯಾಂಕು, ನೇರ ಇಸಿಬಿ ಕೈಗೆ. ಎಲ್-ಬ್ಯಾಂಕಿನದು ಅದರ ದುಪ್ಪಟ್ಟಿಗೂ ಹೆಚ್ಚು. ಅದೇ ನಿಯಮಾವಳಿಯಲ್ಲಿ ಒಂದು ಕಿಟಕಿಯಿತ್ತು: ವಿಶೇಷ ಸಂದರ್ಭಗಳಲ್ಲಿ ಈ ವರ್ಗೀಕರಣ ಸೂಕ್ತವಲ್ಲದಿದ್ದರೆ ಬಿಡಬಹುದು ಎಂದು. ನಮ್ಮ ಅಪಾಯ ಕಡಿಮೆ, ಜರ್ಮನಿಯ ಮೇಲ್ವಿಚಾರಣಾ ಸಂಸ್ಥೆ ಬಾಫಿನ್ ಮತ್ತು ಕೇಂದ್ರ ಬ್ಯಾಂಕಾದ ಬುಂಡೆಸ್‌ಬ್ಯಾಂಕ್ ಈ ಕೆಲಸವನ್ನು ಚೆನ್ನಾಗಿಯೇ ಮಾಡಬಲ್ಲವು, ನಮ್ಮನ್ನು ಬಿಡಿ ಎಂದು ಬ್ಯಾಂಕು ಕೇಳಿತು. 2017ರ ಮೇನಲ್ಲಿ ಕೆಳಗಿನ ಪೀಠ ಇಲ್ಲ ಅಂದಿತ್ತು, ನಿನ್ನೆ ಮೇಲಿನದೂ ಅದನ್ನೇ ಹೇಳಿತು.

ಸೋತದ್ದು ಮುಖ್ಯವಲ್ಲ, ಕಾರಣ ಮುಖ್ಯ. ನಿಮ್ಮೂರಿನವರೂ ಚೆನ್ನಾಗಿ ಮಾಡುತ್ತಾರೆಯೇ ಎಂಬುದು ಪ್ರಶ್ನೆಯೇ ಅಲ್ಲವಂತೆ. ಏಕೆಂದರೆ ಈ ಕೆಲಸ ಪೂರ್ತಿ, ಸಣ್ಣ ಬ್ಯಾಂಕುಗಳದ್ದೂ ಸೇರಿ, ಇಸಿಬಿಗೆ ಮಾತ್ರ ಸೇರಿದ್ದು. ಸಣ್ಣವನ್ನು ನೋಡಿಕೊಳ್ಳುವ ರಾಷ್ಟ್ರೀಯ ಅಧಿಕಾರಿಗಳು ಇಸಿಬಿಯ ಅಧಿಕಾರವನ್ನೇ ಸ್ಥಳೀಯವಾಗಿ ಜಾರಿ ಮಾಡುತ್ತಿದ್ದಾರೆ, ಅಷ್ಟೆ. ಅಂದರೆ ಬಾಫಿನ್ ತಾನು ನೂರಾರು ಸ್ಪಾರ್ಕಾಸೆಗಳನ್ನು ಸ್ವಂತ ಅಧಿಕಾರದಿಂದ ನೋಡಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದರೆ ಅದು ಭ್ರಮೆ.

ಕಾರ್ಲ್ಸ್‌ರೂದ ಎಂಟು ಮಂದಿ ಇನ್ನೂ ತಮ್ಮ ತೀರ್ಪು ಬರೆಯುತ್ತಿದ್ದಾರೆ. ಒಪ್ಪಂದದ 127(6)ನೇ ವಿಧಿ ಇಸಿಬಿಗೆ ಮೇಲ್ವಿಚಾರಣೆಯ 'ನಿರ್ದಿಷ್ಟ ಕಾರ್ಯಗಳನ್ನು' ವಹಿಸಬಹುದು ಎನ್ನುತ್ತದೆ. ಪೂರ್ತಿ ವಹಿಸಿದರೆ ಅದು ನಿರ್ದಿಷ್ಟ ಹೇಗಾಯಿತು ಎಂಬುದೇ ಅರ್ಜಿದಾರರ ಮುಖ್ಯ ದೂರು. ಲಕ್ಸೆಂಬರ್ಗ್ ನಿನ್ನೆ ಆ ದೂರಿಗೆ ತಾನೇ ಪುರಾವೆ ಒದಗಿಸಿದ ಹಾಗಾಯಿತು.

19 ಮೇ 2019, ಆದಿತ್ಯವಾರ

ಕಾರ್ಲ್ಸ್‌ರೂ ನೋಡಿ ಬಂದೆ. ಫ್ರಾಂಕ್‌ಫರ್ಟಿನಿಂದ ರೈಲಿನಲ್ಲಿ ಗಂಟೆಯ ದಾರಿ. 1715ರಲ್ಲಿ ದೊರೆಯೊಬ್ಬ ಅರಮನೆ ನಡುವಿಟ್ಟು ಸುತ್ತ ಕಿರಣಗಳಂತೆ ಬೀದಿ ಎಳೆಸಿದ ಊರು. ಎತ್ತ ಹೋದರೂ ತಿರುಗಿ ನೋಡಿದರೆ ಅರಮನೆ ಕಾಣುತ್ತದೆ. ಅದರ ಪಕ್ಕದಲ್ಲೇ ಸಂವಿಧಾನ ನ್ಯಾಯಾಲಯ. ನಾನು ಕಂಬ, ಗುಮ್ಮಟ, ಮೆಟ್ಟಿಲು ಎಂದೆಲ್ಲ ಎದುರುನೋಡಿದ್ದೆ. ಸಿಕ್ಕಿದ್ದು ಪಾಲ್ ಬೌಮ್‌ಗಾರ್ಟನ್ ಕಟ್ಟಿಸಿದ ಗಾಜಿನ ಚೌಕ ಕಟ್ಟಡಗಳು, 1969ರವು, ನಮ್ಮ ಕಡೆಯ ಯಾವುದೋ ಕೃಷಿ ವಿಶ್ವವಿದ್ಯಾಲಯದ ಗ್ರಂಥಾಲಯವೆಂದರೂ ನಂಬಬಹುದು. ಒಳಗೆ ನಡೆಯುವುದು ಹೊರಗೆ ಕಾಣಬೇಕು ಎಂಬ ಉದ್ದೇಶವಂತೆ. ಆದರೆ ನ್ಯಾಯಮೂರ್ತಿಗಳ ಕಡುಗೆಂಪು ನಿಲುವಂಗಿಯನ್ನು ಹೊಲಿಯಲು ಮಾದರಿ ಕೊಟ್ಟವರು ಇದೇ ಊರಿನ ನಾಟಕಶಾಲೆಯ ವಸ್ತ್ರವಿನ್ಯಾಸಕರು. ಕಟ್ಟಡಕ್ಕೆ ಬೇಡವಾದ ಠೀವಿ ಬಟ್ಟೆಗೆ ಬಂತು.

ಅಲ್ಲಿಂದ ಕೆಲವೇ ನಿಮಿಷ ನಡೆದರೆ ಅರಮನೆ ಚೌಕದಲ್ಲಿ ಎಲ್-ಬ್ಯಾಂಕಿನ ಪ್ರಧಾನ ಕಚೇರಿ. ಹನ್ನೊಂದು ದಿನದ ಹಿಂದೆ ಲಕ್ಸೆಂಬರ್ಗಿನಲ್ಲಿ ಸೋತ ಬ್ಯಾಂಕೂ, ಅದೇ ನಿಯಮಾವಳಿಯನ್ನು ತೂಗುತ್ತಿರುವ ಕೋರ್ಟೂ ಒಂದೇ ಊರಿನ ನೆರೆಹೊರೆ. ಬ್ಯಾಂಕು ಪಕ್ಕದ ಮನೆಗೆ ಹೋಗಲಿಲ್ಲ, ಹೋಗಲು ಬರುವುದೂ ಇಲ್ಲ. ಇಸಿಬಿಯ ಆದೇಶವನ್ನು ರದ್ದು ಮಾಡಿಸಬೇಕಾದರೆ ದಾರಿ ಲಕ್ಸೆಂಬರ್ಗಿಗೇ. ಪಕ್ಕದ ಮನೆಯ ಬಾಗಿಲು ಮತದಾರನಿಗೆ ತೆರೆದಿದೆ, ಬ್ಯಾಂಕಿಗಲ್ಲ.

ದೀಪದ ಕಂಬಕ್ಕೆಲ್ಲ ಯುರೋಪಿಯನ್ ಸಂಸತ್ತಿನ ಚುನಾವಣೆಯ ಫಲಕಗಳು. 26ಕ್ಕೆ ಮತದಾನ.

ಬರುವಾಗ ಬೇಕೆಂದೇ ಹೈಡೆಲ್‌ಬರ್ಗ್ ಮೂಲಕ ಬಂದೆ. ಅಲ್ಲಿನ ದಕ್ಷಿಣ ಏಷ್ಯಾ ಸಂಸ್ಥೆಯಲ್ಲಿದ್ದ ಡೀಟ್ರಿಷ್ ಕಾನ್ರಾಡ್ ಎಂಬ ವಿದ್ವಾಂಸರು 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಟ್ಟರು: ಸಂವಿಧಾನ ತಿದ್ದುವ ಅಧಿಕಾರಕ್ಕೂ ಒಳಗೇ ಅಡಗಿದ ಮಿತಿಗಳಿವೆಯೇ ಎಂದು. ಅವರ ಬೆನ್ನಿಗಿದ್ದದ್ದು ಜರ್ಮನ್ ಸಂವಿಧಾನದ 79(3)ನೇ ವಿಧಿ. ಕೆಲವು ತಿರುಳುಗಳನ್ನು ಯಾವ ಬಹುಮತವೂ ಮುಟ್ಟುವಂತಿಲ್ಲ ಎನ್ನುತ್ತದೆ ಅದು. ಆ ಉಪನ್ಯಾಸ ವಕೀಲರ ಕೈಯಿಂದ ಕೈಗೆ ಸಾಗಿ ಸಂವಿಧಾನದ ಮೂಲ ರಚನೆಯನ್ನು ತಿದ್ದುಪಡಿಯೂ ಕೆಡಿಸುವಂತಿಲ್ಲ ಎಂದ 1973ರ ಕೇಶವಾನಂದ ಭಾರತಿ ತೀರ್ಪಿನಲ್ಲಿ ನ್ಯಾಯಮೂರ್ತಿ ಖನ್ನಾರ ಉಲ್ಲೇಖಕ್ಕೆ ಬಂತು. ಕೇಶವಾನಂದ ಪೀಠದ ಮುಂದಿದ್ದ 25ನೇ ತಿದ್ದುಪಡಿ ಹುಟ್ಟಿದ್ದು ಅಪ್ಪನ ಬ್ಯಾಂಕಿನ ರಾಷ್ಟ್ರೀಕರಣ ಕೋರ್ಟಿನಲ್ಲಿ ಸೋತದ್ದರಿಂದ. ಈಗ ಅದೇ 79(3)ನ್ನು 38ಕ್ಕೆ ಜೋಡಿಸಿ ಕೆರ್ಬರ್ ಬ್ಯಾಂಕಿಂಗ್ ಒಕ್ಕೂಟವನ್ನು ಎಳೆದಿದ್ದಾರೆ. ರಾತ್ರಿ ಇದನ್ನು ಅಪ್ಪನಿಗೆ ಹೇಳಿದರೆ, "ಹಾಗಾದರೆ ನಮ್ಮ ಮೂಲ ರಚನೆ ಜರ್ಮನ್ ಮಾಲು" ಅಂದರು. ಅಷ್ಟು ಸಲೀಸಲ್ಲ ಅಂದೆ. ನಮ್ಮದನ್ನು ಕಟ್ಟಿದ್ದು ನಮ್ಮ ಕೋರ್ಟೇ, ಬರೆದ ವಿಧಿಯ ಆಸರೆಯಿಲ್ಲದೆ. ಅವರದ್ದು ಬರೆದದ್ದು.

28 ಜೂನ್ 2019, ಶುಕ್ರವಾರ

ಎಲ್-ಬ್ಯಾಂಕ್ ಬಿಡುಗಡೆಯಾಯಿತು! ಕೋರ್ಟಿನಿಂದಲ್ಲ. ಬ್ಯಾಂಕುಗಳ ಬಂಡವಾಳದ ಹೊಸ ಯುರೋಪಿಯನ್ ನಿರ್ದೇಶನ ನಿನ್ನೆಯಿಂದ ಜಾರಿ. ಅದರಲ್ಲಿ ಜರ್ಮನಿಯ ಅಭಿವೃದ್ಧಿ ಬ್ಯಾಂಕುಗಳನ್ನು ಹೆಸರು ಹಿಡಿದು ಹೊರಗಿಟ್ಟಿದ್ದಾರೆ, ಎಲ್-ಬ್ಯಾಂಕೂ ಸೇರಿ. ಎರಡು ಹಂತದ ಕೋರ್ಟು, ವರ್ಷಗಳ ವಾದ, ಕೊನೆಗೆ ಬರ್ಲಿನ್ನಿನವರು ಬ್ರಸೆಲ್ಸಿನ ಕರಡಿನಲ್ಲಿ ಒಂದು ಸಾಲು ಸೇರಿಸಿಕೊಂಡರು. ಸೋಲಿನ ಮಸಿ ಆರುವ ಮೊದಲೇ ಗೆಲುವು. ಆದರೆ ತೀರ್ಪು ಉಳಿಯುತ್ತದೆ. ಬ್ಯಾಂಕು ಹೊರಗೆ ಹೋಯಿತು, 'ಎಲ್ಲವೂ ಇಸಿಬಿಯದೇ' ಎಂಬ ವಾಕ್ಯ ಒಳಗೇ ಉಳಿಯಿತು.

30 ಜುಲೈ 2019, ಮಂಗಳವಾರ

ತೀರ್ಪು ಬಂತು. ಅರ್ಜಿದಾರರು ಸೋತರು, ಒಕ್ಕೂಟ ಉಳಿಯಿತು. ಮಧ್ಯಾಹ್ನ ಆಫೀಸಿನ ಇಮೇಲಿನಲ್ಲಿ ಎರಡೇ ಸಾಲು: ಏನೂ ಬದಲಾವಣೆಯಿಲ್ಲ, ವರದಿಯ ಗಡುವು ಹಾಗೆಯೇ. ನ್ಯಾಯಾಲಯದ ಅಧ್ಯಕ್ಷ ಫೊಸ್‌ಕುಲೆ ಅವರ ಪೀಠ ಈ ತೀರ್ಪು ಓದಿ ಮುಗಿಸಿ, ಅದೇ ದಿನ ಸಾಲಪತ್ರ ಖರೀದಿಯ ಇನ್ನೊಂದು ಕಡತದ ವಿಚಾರಣೆಗೆ ಕೂತಿತಂತೆ. ಪೂರ್ತಿ ಪಾಠ ಇಳಿಸಿಕೊಂಡಿದ್ದೇನೆ. ಉದ್ದವಿದೆ.

31 ಜುಲೈ 2019

ಓದಿದಷ್ಟೂ 'ಸೋತರು' ಎಂಬ ಮಾತು ಸಡಿಲವಾಗುತ್ತಿದೆ.

ಕಾರ್ಲ್ಸ್‌ರೂ ಹೇಳಿದ್ದು ಇದು: ಬ್ಯಾಂಕಿಂಗ್ ಒಕ್ಕೂಟ ಒಪ್ಪಂದ ಕೊಟ್ಟ ಅಧಿಕಾರವನ್ನು ಮೀರಿಲ್ಲ, ಬಿಗಿಯಾಗಿ ಓದಿಕೊಂಡರೆ. ಇಡೀ ತೀರ್ಪು ನಿಂತಿರುವುದು ಆ 'ಬಿಗಿಯಾಗಿ ಓದಿಕೊಂಡರೆ'ಯ ಮೇಲೆ. ಬಿಗಿಯಾಗಿ ಓದುವುದೆಂದರೆ, ಇಸಿಬಿಗೆ ಮೇಲ್ವಿಚಾರಣೆ ಪೂರ್ತಿ ಹೋಗಿಲ್ಲ. ಮಹತ್ವದ ಬ್ಯಾಂಕುಗಳದ್ದು ಹೋಗಿದೆ, ಅದೂ ಗೊತ್ತಾದ ಕಾರ್ಯಗಳಷ್ಟೇ. ಸಣ್ಣವು, ಎಣಿಕೆಯಲ್ಲಿ ಬಹುಪಾಲು, ರಾಷ್ಟ್ರೀಯ ಅಧಿಕಾರಿಗಳ ಬಳಿಯೇ ಇವೆ. ಆ ಅಧಿಕಾರ ಇಸಿಬಿ ಹಿಂದಕ್ಕೆ ಕೊಟ್ಟದ್ದಲ್ಲ, ಅವರದೇ ಮೂಲದ್ದು.

ಮೇ 8ರ ತೀರ್ಪನ್ನು ಪಕ್ಕಕ್ಕಿಟ್ಟು ಓದಿದೆ. ಅದೇ ನಿಯಮಾವಳಿ, ಅದೇ ನಾಲ್ಕು ಮತ್ತು ಆರನೇ ವಿಧಿಗಳು. ಲಕ್ಸೆಂಬರ್ಗಿನ ಪ್ರಕಾರ ಎಲ್ಲವೂ ಫ್ರಾಂಕ್‌ಫರ್ಟಿಗೆ ಹೋಗಿದೆ, ಸ್ವಲ್ಪವನ್ನು ಜಾರಿಗಾಗಿ ಊರಿನವರ ಕೈಗೆ ಬಿಟ್ಟಿದೆ. ಕಾರ್ಲ್ಸ್‌ರೂದ ಪ್ರಕಾರ ಆ ಸ್ವಲ್ಪ ಎಂದೂ ಊರು ಬಿಟ್ಟು ಹೋಗಿಯೇ ಇಲ್ಲ. ನಡುವೆ ಮೂರು ತಿಂಗಳೂ ಇಲ್ಲ. ಅನುಮಾನವಿದ್ದರೆ ಲಕ್ಸೆಂಬರ್ಗಿಗೆ ಪ್ರಶ್ನೆ ಬರೆದು ಕಳಿಸುವ ಪದ್ಧತಿಯಿದೆ, ಕಾರ್ಲ್ಸ್‌ರೂ ಕಳಿಸಲಿಲ್ಲ. ಕಳಿಸಿದರೆ ಬೇಡದ ಉತ್ತರ ಬರುತ್ತದೆಂದು ಗೊತ್ತಿತ್ತೇನೋ. ಇದು ನನ್ನ ಊಹೆ, ಪುಟದಲ್ಲಿಲ್ಲ.

ಒಕ್ಕೂಟದ ಎರಡನೇ ಕಂಬದ ವಿಷಯ ಇನ್ನೂ ನಾಜೂಕು. ಮುಳುಗುವ ಬ್ಯಾಂಕನ್ನು ಮುಚ್ಚುವ ಬ್ರಸೆಲ್ಸಿನ ಮಂಡಳಿಯನ್ನು ಹುಟ್ಟಿಸಿದ್ದು ಒಳಮಾರುಕಟ್ಟೆಯ ಕಾನೂನುಗಳನ್ನು ಒಂದಾಗಿಸಲು ಇರುವ 114ನೇ ವಿಧಿಯಿಂದ. ಕಾನೂನು ಒಂದಾಗಿಸಲೆಂದು ಇರುವ ವಿಧಿಯಿಂದ ಬ್ಯಾಂಕು ಮುಚ್ಚುವ ಕಚೇರಿ ಹುಟ್ಟಬಹುದೇ? ಸ್ಪೇನಿನ ಬಾಂಕೊ ಪೊಪುಲಾರ್ 2017ರ ಜೂನ್ 7ರಂದು ಆ ಮಂಡಳಿಯ ಕೈಯಿಂದ ಸಾಂತಾಂದೇರ್‌ಗೆ ಒಂದು ಯುರೋಗೆ ಹೋಯಿತು. ಷೇರುದಾರರಿಗೆ ಏನೂ ಉಳಿಯಲಿಲ್ಲ. ಅಷ್ಟು ದೊಡ್ಡ ಕೈ. ಹುಟ್ಟಬಹುದು ಎನ್ನುತ್ತದೆ ಕೋರ್ಟು, ಕಣ್ಣಿಗೆ ರಾಚುವ ಉಲ್ಲಂಘನೆಯಲ್ಲ, ಆದರೆ ಮಂಡಳಿ ತನ್ನ ಗೆರೆಯೊಳಗೇ ಇರಬೇಕು. ಮತ್ತೆ ಅದೇ ಆದರೆ.

ನನ್ನನ್ನು ಹಿಡಿದು ನಿಲ್ಲಿಸಿದ ಭಾಗ ಬೇರೆ. ಮೇಲ್ವಿಚಾರಣೆಯ ಕೆಲಸದಲ್ಲಿರುವಾಗ ಬಾಫಿನ್ ಅಧಿಕಾರಿಗೆ ಜರ್ಮನಿಯ ಹಣಕಾಸು ಮಂತ್ರಿಯೂ ಆದೇಶ ಕೊಡುವಂತಿಲ್ಲ. ಮಂತ್ರಿ ಸಂಸತ್ತಿಗೆ ಉತ್ತರ ಹೇಳಬೇಕು, ಸಂಸತ್ತು ಮತದಾರನಿಗೆ. ನಡುವಿನ ಒಂದು ಕೊಂಡಿ ಕಳಚಿದರೆ ಮತದಾರನಿಂದ ಅಧಿಕಾರಿಯವರೆಗಿನ ಸರಪಳಿಯ ಗತಿಯೇನು? ಪ್ರಜಾಸತ್ತೆಯ ಮಟ್ಟ ಇಲ್ಲಿ ಇಳಿದಿದೆ ಎಂದು ನ್ಯಾಯಾಲಯ ಮುಚ್ಚುಮರೆಯಿಲ್ಲದೆ ಒಪ್ಪುತ್ತದೆ. ಇಳಿದದ್ದನ್ನು ಬೇರೆ ಬೇರೆ ಕಡೆಯಿಂದ ತುಂಬಿಕೊಡಲಾಗಿದೆ, ಆದ್ದರಿಂದ ಸಹಿಸಬಹುದು ಎನ್ನುತ್ತದೆ: ಇಸಿಬಿ ಯುರೋಪಿಯನ್ ಸಂಸತ್ತಿಗೆ ವರದಿ ಕೊಡಬೇಕು, ರಾಷ್ಟ್ರೀಯ ಸಂಸತ್ತು ಅದನ್ನು ಪ್ರಶ್ನಿಸಬಹುದು, ಅದರ ಆದೇಶದ ಮೇಲೆ ಕೋರ್ಟಿಗೆ ಹೋಗಬಹುದು. ಇಷ್ಟರಿಂದ ತುಂಬಿತೇ? ನನಗೆ ನಂಬಿಕೆ ಬರಲಿಲ್ಲ. ಆದರೆ ಕೊರತೆ ಇದೆ ಎಂದು ಬರೆದು, ಸಹಿ ಹಾಕಿ, ಆಮೇಲೆ ಬಿಟ್ಟುಕೊಡುವ ನ್ಯಾಯಾಲಯದ ಮೇಲೆ ಗೌರವ ಬಂತು. ಕೊರತೆಯೇ ಇಲ್ಲ ಎನ್ನುವವರನ್ನು ನಾನು ಈ ಊರಿನಲ್ಲಿ ದಿನಾ ನೋಡುತ್ತೇನೆ.

4 ಆಗಸ್ಟ್ 2019, ಆದಿತ್ಯವಾರ

ಅಪ್ಪನಿಗೆ ಎರಡು ತೀರ್ಪುಗಳನ್ನೂ ವಿವರಿಸಿದೆ. ಪೂರ್ತಿ ಕೇಳಿ, "ಇದು ಗೇಣಿ ತಕರಾರು" ಅಂದರು.

"ಲಕ್ಸೆಂಬರ್ಗಿನವ ಹೇಳುವುದು ಎಂತ? ಭೂಮಿಯೆಲ್ಲ ಫ್ರಾಂಕ್‌ಫರ್ಟಿನದ್ದು, ನೀವು ಸಣ್ಣ ಗದ್ದೆಯಲ್ಲಿ ಚಾಲಗೇಣಿಯವರು, ಬೇಕಾದಾಗ ಎಬ್ಬಿಸಬಹುದು ಅಂತ. ನಿಮ್ಮ ಕಾರ್ಲ್ಸ್‌ರೂದವ ಹೇಳುವುದು ಮೂಲ ನಮ್ಮದು, ದೊಡ್ಡ ಗದ್ದೆಯನ್ನು ಮಾತ್ರ ನಿಮಗೆ ವಹಿಸಿದ್ದು ಅಂತ. ಸರಿಯಾ?"

ಸರಿ ಅಂದೆ. ಇಸಿಬಿ ಬೇಕೆಂದಾಗ ಸಣ್ಣ ಬ್ಯಾಂಕನ್ನೂ ತನ್ನ ಕೈಗೆ ತೆಗೆದುಕೊಳ್ಳಬಹುದು ಎಂದು ನಿಯಮಾವಳಿಯಲ್ಲೇ ಇದೆ, ಅದೇ ಎಬ್ಬಿಸುವುದು.

"ಹಾಗಾದರೆ ಉಳುವವ ಯಾರು?"

ಇದಕ್ಕೆ ಉತ್ತರ ಕೊಡಲು ತಡವರಿಸಿದೆ. ನಮ್ಮ ಬ್ಯಾಂಕಿಗೆ ಬರುವ ಜಂಟಿ ತಂಡದಲ್ಲಿ ಮುಖ್ಯಸ್ಥರು ಇಸಿಬಿಯವರು, ಉಳಿದ ಹೆಚ್ಚಿನವರು ಬಾಫಿನ್, ಬುಂಡೆಸ್‌ಬ್ಯಾಂಕಿನಿಂದ ಬಂದವರು. ಕಾಗದ ನೋಡುವವರು, ತಪ್ಪು ಹಿಡಿಯುವವರು ಅವರು. ಆದೇಶದ ಮೇಲಿನ ಸಹಿ ಇಸಿಬಿಯದು. "ಎಪ್ಪತ್ತನಾಲ್ಕರ ಕಾನೂನು ಅಲ್ಲಿ ಬಂದರೆ ಡಿಕ್ಲರೇಶನ್ ಹಾಕುವವರು ಯಾರು ಅಂತ ನೋಡಬೇಕು" ಎಂದು ನಕ್ಕರು. ಅಜ್ಜನ ಗದ್ದೆ ಹೋದದ್ದು ಉಳುವವನಿಗೇ ಭೂಮಿ ಎಂದ ಆ ಕಾನೂನಿನಲ್ಲೇ, ಆದರೂ ಅಪ್ಪನಿಗೆ ಅದರ ಮೇಲೆ ಸಿಟ್ಟಿಲ್ಲ.

ನನಗೆ ಅನ್ನಿಸುವುದು: ಎರಡೂ ಕೋರ್ಟುಗಳಿಗೆ ಈ ಬಿರುಕು ಬೇಕಾಗಿದೆ. ಎಲ್ಲಿಯವರೆಗೆ ಇಸಿಬಿಯೂ ಬಾಫಿನ್ನೂ ಒಂದೇ ಬ್ಯಾಂಕಿನ ಬಗ್ಗೆ ಬೇರೆ ಬೇರೆ ಹೇಳುವುದಿಲ್ಲವೋ ಅಲ್ಲಿಯವರೆಗೆ ಮೂಲ ಯಾರದೆಂದು ಯಾರೂ ಕೇಳಬೇಕಾಗಿಲ್ಲ. ನನ್ನ ಎಕ್ಸೆಲ್ ಶೀಟಿಗಂತೂ ಎರಡೂ ಓದಿನಲ್ಲಿ ಒಂದೇ ಗಡುವು.

14 ಸೆಪ್ಟೆಂಬರ್ 2019, ಶನಿವಾರ

ಲುಬ್ಲಿಯಾನಾದ ಸಹೋದ್ಯೋಗಿ ಊಟಕ್ಕೆ ಬಂದಿದ್ದಳು. ಚಿತ್ರಾನ್ನ, ಹೀರೆಕಾಯಿ ಬಜ್ಜಿ. ಕಾರ್ಲ್ಸ್‌ರೂದ ಬಗ್ಗೆ ನಾನು ಉತ್ಸಾಹದಿಂದ ಹೇಳುತ್ತಿದ್ದರೆ ಅವಳಿಗೆ ಬೇಸರ. "ಇವರಿಗೆ ಇದು ತತ್ತ್ವಶಾಸ್ತ್ರ, ನಮಗೆ ಇದು ಜನರ ಉಳಿತಾಯ" ಅಂದಳು.

2013ರ ಡಿಸೆಂಬರಿನಲ್ಲಿ ಸ್ಲೊವೇನಿಯಾ ತನ್ನ ಬ್ಯಾಂಕುಗಳನ್ನು ಉಳಿಸಲು ಸರ್ಕಾರದ ದುಡ್ಡು ಹಾಕಬೇಕಾಯಿತು. ಮೊದಲು ಷೇರುದಾರರೂ ಅಧೀನ ಸಾಲಪತ್ರ ಹಿಡಿದವರೂ ನಷ್ಟ ಹೊರಬೇಕು ಎಂಬುದು ಬ್ರಸೆಲ್ಸಿನ ಅದೇ ವರ್ಷದ ಮಾರ್ಗಸೂಚಿ. ಒಂದೇ ಸಲಕ್ಕೆ ಅವೆಲ್ಲ ಸೊನ್ನೆಯಾದವು. ಹಾಗೆ ಕಳೆದುಕೊಂಡವರಲ್ಲಿ ಅದನ್ನು ಠೇವಣಿಯಷ್ಟೇ ಭದ್ರವೆಂದುಕೊಂಡ ಸಾಮಾನ್ಯರೂ ಇದ್ದರು. ಅವರ ದೂರು ಹೋದ ಸ್ಲೊವೇನಿಯಾದ ಸಂವಿಧಾನ ನ್ಯಾಯಾಲಯ ಕಾರ್ಲ್ಸ್‌ರೂದ ಹಾಗೆ ಮಾಡಲಿಲ್ಲ, ವಿನಯದಿಂದ ಲಕ್ಸೆಂಬರ್ಗಿಗೆ ಪ್ರಶ್ನೆ ಬರೆಯಿತು. 2016ರ ಜುಲೈ 19ರಂದು ಕೊಟ್ನಿಕ್ ತೀರ್ಪು ಬಂತು: ಮಾರ್ಗಸೂಚಿ ದೇಶಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ನಷ್ಟ ಹಂಚುವುದು ಯುರೋಪಿನ ಕಾನೂನಿಗೆ ವಿರುದ್ಧವೂ ಅಲ್ಲ. ಅಂದರೆ ಬೇಕಾದರೆ ಮಾಡಬಹುದಿತ್ತು, ಬೇಡವೆಂದರೂ ಆಗುತ್ತಿತ್ತು, ಬೇಡವೆಂದಿದ್ದರೆ ಸರ್ಕಾರದ ನೆರವಿಗೆ ಬ್ರಸೆಲ್ಸಿನ ಒಪ್ಪಿಗೆ ಸಿಗುತ್ತದೆಂಬ ಭರವಸೆ ಇರುತ್ತಿರಲಿಲ್ಲ. "ಇದಕ್ಕೆ ಸ್ವಾತಂತ್ರ್ಯ ಅಂತ ಹೆಸರು" ಎಂದು ಅವಳು ಬಜ್ಜಿಯನ್ನು ಅನ್ನಕ್ಕೆ ಕಲಸಿದಳು. ಅದೇ ವರ್ಷ ಅಕ್ಟೋಬರಿನಲ್ಲಿ ಅವರ ನ್ಯಾಯಾಲಯ, ಕಳೆದುಕೊಂಡವರಿಗೆ ಕೋರ್ಟಿನಲ್ಲಿ ಹೋರಾಡಲು ಬೇಕಾದ ಮಾಹಿತಿಯ ದಾರಿಯೇ ಇಲ್ಲ, ಇದು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದಿತು. ಗೊತ್ತು ಮಾಡಿಕೊಡುವ ಕಾನೂನು ಇನ್ನೂ ಸರಿಯಾಗಿ ಬಂದಿಲ್ಲವಂತೆ.

ಎಂಟು ಕೋಟಿಗೂ ಮಿಕ್ಕಿದ ಜನರ ದೇಶದ ಕೋರ್ಟು 'ಆದರೆ' ಅಂದರೆ ಫ್ರಾಂಕ್‌ಫರ್ಟ್ ಕಿವಿಗೊಡುತ್ತದೆ. ಇಪ್ಪತ್ತು ಲಕ್ಷ ಜನರ ದೇಶದ್ದು ಅಂದರೆ? ಅವಳು ಕೇಳದೆ ಬಿಟ್ಟ ಪ್ರಶ್ನೆ ಇದು, ತಟ್ಟೆ ತೊಳೆಯುವಾಗ ನನಗೆ ಹೊಳೆದದ್ದು.

6 ಮೇ 2020, ಬುಧವಾರ

ಮನೆಯಿಂದಲೇ ಕೆಲಸ. ನಿನ್ನೆ ಕಾರ್ಲ್ಸ್‌ರೂ ಮಾಡಿಯೇಬಿಟ್ಟಿತು. ಸಾಲಪತ್ರ ಖರೀದಿಯ ಕಡತದಲ್ಲಿ, ಏಳು-ಒಂದು ಮತದಿಂದ, ಇಸಿಬಿ ಅಧಿಕಾರ ಮೀರಿದೆ, ಅದನ್ನು ಸರಿಯೆಂದ ಲಕ್ಸೆಂಬರ್ಗಿನ ತೀರ್ಪೂ ಅಧಿಕಾರ ಮೀರಿದ್ದು, ನಮ್ಮನ್ನು ಕಟ್ಟುವುದಿಲ್ಲ ಎಂದು. ಇಷ್ಟು ವರ್ಷ ಗೋಡೆಯ ಮೇಲಿದ್ದ ಕೋವಿ ಸಿಡಿಯಿತು.

ಹಿಂದಿನ ವರ್ಷ ಅದೇ ಪೀಠ ಇಡೀ ಮೇಲ್ವಿಚಾರಣೆಯ ಒಡೆತನದ ಪ್ರಶ್ನೆಯನ್ನು ನಯವಾಗಿ ದಾಟಿಸಿತ್ತು. ಆಗ ಭಿನ್ನಾಭಿಪ್ರಾಯ ನಿಜವಾಗಿ ಆಳದ್ದು, ಅಲ್ಲಿ ಮಾತು ಮೆದು. ಈಗ ದೂರು ಇರುವುದು ಪ್ರಮಾಣ ತೂಗಿದ್ದನ್ನು ಸರಿಯಾಗಿ ಬರೆದು ತೋರಿಸಿಲ್ಲ ಎಂಬುದರ ಮೇಲೆ, ಇಲ್ಲಿ ಮಾತು ಕೊಡಲಿ. ಮೂರು ತಿಂಗಳಲ್ಲಿ ಇಸಿಬಿ ಕಾರಣ ಕೊಟ್ಟರೆ ಬುಂಡೆಸ್‌ಬ್ಯಾಂಕ್ ಮುಂದುವರಿಯಬಹುದಂತೆ. ಒಂದು ಕಾಗದದಿಂದ ಸರಿಹೋಗುವ ಲೋಪಕ್ಕೆ ಇಷ್ಟು ದೊಡ್ಡ ಮಾತು ಬೇಕಿತ್ತೇ? ಲಕ್ಸೆಂಬರ್ಗಿನ ಮಾತು ಕೇಳಲೊಲ್ಲದ ಪೋಲೆಂಡ್, ಹಂಗೇರಿಯ ಸರ್ಕಾರಗಳಿಗೆ ಇದು ಹಬ್ಬ. ನನಗೆ ಕಾರ್ಲ್ಸ್‌ರೂದ ಮೇಲಿದ್ದ ಗೌರವ ನಿನ್ನೆ ಒಂದು ಮೆಟ್ಟಿಲು ಇಳಿಯಿತು.

ಸಂಜೆ ಅಪ್ಪ ಇನ್ನೊಂದು ಸುದ್ದಿ ಹಿಡಿದು ಕಾಯುತ್ತಿದ್ದರು. ನಿನ್ನೆಯೇ, ಅದೇ ಮೇ 5ರಂದೇ, ದೆಹಲಿಯಲ್ಲಿ ಐವರ ಸಂವಿಧಾನ ಪೀಠ ಸಹಕಾರಿ ಬ್ಯಾಂಕುಗಳ ಮೇಲೆ ತೀರ್ಪು ಕೊಟ್ಟಿದೆ. ಸಹಕಾರ ಸಂಘಗಳು ರಾಜ್ಯ ಪಟ್ಟಿ, ಬ್ಯಾಂಕಿಂಗ್ ಕೇಂದ್ರ ಪಟ್ಟಿಯ 45ನೇ ನಮೂದು. ಸಹಕಾರಿ ಬ್ಯಾಂಕು ಯಾವುದು? ಬ್ಯಾಂಕಿಂಗ್ ಮಾಡುವಷ್ಟರ ಮಟ್ಟಿಗೆ ಕೇಂದ್ರದ್ದು ಎಂದಿತು ಪೀಠ, ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಅವಕ್ಕೂ ಅನ್ವಯ ಎಂದಿತು. ಈ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ ರಿಸರ್ವ್ ಬ್ಯಾಂಕು 35,000 ರೂಪಾಯಿಗಿಂತ ಹೆಚ್ಚು ತೆಗೆಯಬಾರದು ಎಂದಾಗ ಬಸವನಗುಡಿಯ ಹಿರಿಯರು ಬಾಗಿಲಲ್ಲಿ ಸಾಲು ನಿಂತದ್ದು ಎಲ್ಲರಿಗೂ ನೆನಪಿದೆ. ರಾಜ್ಯದ ಸಹಕಾರ ಸಂಘಗಳ ರಿಜಿಸ್ಟ್ರಾರ್ ನೋಡಬೇಕಿತ್ತೋ ರಿಸರ್ವ್ ಬ್ಯಾಂಕ್ ನೋಡಬೇಕಿತ್ತೋ ಎಂಬ ಪ್ರಶ್ನೆ ಸಾಲಿನಲ್ಲಿ ನಿಂತವರದ್ದಲ್ಲ.

"ಇಲ್ಲಿ ಕೋರ್ಟು ಕೇಂದ್ರದ ಕೈಗೆ ಕೊಟ್ಟಿತು, ಅಲ್ಲಿ ಕೋರ್ಟು ಕೇಂದ್ರದ ಕೈ ಹಿಡಿಯಿತು" ಅಂದರು ಅಪ್ಪ. ಆಮೇಲೆ, ಸಿಂಡಿಕೇಟ್ ಬ್ಯಾಂಕು ಏಪ್ರಿಲ್ 1ರಿಂದ ಕೆನರಾದಲ್ಲಿ ಸೇರಿಹೋಯಿತಲ್ಲ, ಪೆನ್ಶನ್ ಪಾಸ್‌ಬುಕ್ ಬದಲಾಯಿಸಲು ಲಾಕ್‌ಡೌನ್ ಮುಗಿಯಬೇಕು ಅಂದರು.

3 ಡಿಸೆಂಬರ್ 2021, ಶುಕ್ರವಾರ

ಕಾರ್ಲ್ಸ್‌ರೂದ ಆ ಮೇ 5ರ ತೀರ್ಪಿಗಾಗಿ ಕಳೆದ ಜೂನಿನಲ್ಲಿ ಯುರೋಪಿಯನ್ ಆಯೋಗ ಜರ್ಮನಿಯ ಮೇಲೆ ಶುರು ಮಾಡಿದ್ದ ಉಲ್ಲಂಘನೆಯ ಪ್ರಕ್ರಿಯೆಯನ್ನು ನಿನ್ನೆ ಮುಚ್ಚಿತು. ಬರ್ಲಿನ್ ಲಿಖಿತ ಭರವಸೆ ಕೊಟ್ಟಿದೆ: ಯುರೋಪಿನ ಕಾನೂನಿಗೆ ಮೇಲುಸ್ಥಾನ, ಲಕ್ಸೆಂಬರ್ಗಿನ ಮಾತೇ ಅಂತಿಮ, ಮತ್ತು ಇಂಥ ತೀರ್ಪು ಮತ್ತೆ ಬಾರದಂತೆ ತನ್ನ ಕೈಯಲ್ಲಿರುವ ಎಲ್ಲ ಸಾಧನಗಳನ್ನೂ ಬಳಸುತ್ತೇನೆ ಎಂಬ ಮಾತು.

ಅಪ್ಪನಿಗೆ ಓದಿ ಹೇಳಿದೆ. ಮೂರನೆಯದನ್ನು ಎರಡು ಸಲ ಓದಿಸಿದರು.

"ತೀರ್ಪು ಕೊಡುವುದು ಕೋರ್ಟು. ಕೊಡುವುದಿಲ್ಲ ಅಂತ ಮಾತು ಕೊಡಲಿಕ್ಕೆ ಸರ್ಕಾರ ಯಾರು?"

ಸರ್ಕಾರ ಕೋರ್ಟಿನಲ್ಲಿ ವಾದ ಮಾಡಬಹುದು, ಲಕ್ಸೆಂಬರ್ಗಿಗೆ ಕೇಳಿ ಎಂದು ಒತ್ತಾಯಿಸಬಹುದು ಎಂದೆಲ್ಲ ಹೇಳಿದೆ. ಅಪ್ಪ ಕೇಳುತ್ತಿರಲಿಲ್ಲ.

"ಬ್ಯಾಂಕ್ ಕೇಸಿನಲ್ಲಿ ಹತ್ತು ಜಡ್ಜು ಒಂದು ಕಡೆ, ಎ.ಎನ್. ರೇ ಒಬ್ಬ ಒಂದು ಕಡೆ. ಕೇಶವಾನಂದ ತೀರ್ಪು ಬಂದ ಮರುದಿವಸ ಆ ರೇಯನ್ನೇ ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೇಲಿದ್ದ ಮೂವರನ್ನು ಬಿಟ್ಟು. ಅದರಲ್ಲಿ ಒಬ್ಬರು ನಮ್ಮ ಕಾರ್ಕಳ ಕಡೆಯವರು, ಕೌಡೂರಿನ ಸದಾನಂದ ಹೆಗ್ಡೆ. ರಾಜೀನಾಮೆ ಬಿಸಾಡಿ ಬಂದರು. ಸರ್ಕಾರದ ಕೈಯಲ್ಲಿ ಇರುವ ಎಲ್ಲ ಸಾಧನ ಅಂದರೆ ಎಂತ ಅಂತ ನಮಗೆ ಗೊತ್ತುಂಟು ಮಾರಾಯ್ತಿ."

ಇಲ್ಲಿ ಹಾಗಾಗುವುದಿಲ್ಲ ಅಂದೆ. ನ್ಯಾಯಮೂರ್ತಿಗಳನ್ನು ಎರಡು ಸದನಗಳು ಅರ್ಧರ್ಧ ಆರಿಸುತ್ತವೆ, ಮೂರನೇ ಎರಡು ಬಹುಮತ ಬೇಕು, ಹನ್ನೆರಡು ವರ್ಷದ ಒಂದೇ ಅವಧಿ. ಫೊಸ್‌ಕುಲೆಯ ಅವಧಿ ಮುಗಿದ ಮೇಲೆ ಅಧ್ಯಕ್ಷರಾದದ್ದು ಯಾರು ಎಂದು ಕೇಳಿದರು. ಸ್ಟೆಫಾನ್ ಹಾರ್ಬಾರ್ಟ್, ಮೊದಲು ಆಳುವ ಪಕ್ಷದ ಸಂಸದರಾಗಿದ್ದವರು, ಅಂದೆ.

ಆ ಕಡೆ ಸದ್ದಿಲ್ಲ. ಆಮೇಲೆ "ನೋಡುವ" ಅಂದರು, ಫೋನ್ ಅಮ್ಮನ ಕೈಗೆ ಹೋಯಿತು.